ಉಡಿಯ ಅಕ್ಕಿ

"ಉಡಿ ಒಡ್ಡು," ಎಂದಳು ಗದಿಗೆವ್ವ. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಐದು ಅಡಿಕೆ, ಒಂದು ಹಸಿರು ಕುಬಸದ ಖಣ. "ಮನಿ ಬಿಟ್ಟು ಹೋಗೋ ಹೆಣಮಗಳನ್ನ ಬರೇ ಉಡೀಲೆ ಕಳಸಬಾರದು."

ಮಿನತಿ ಸೆರಗು ಒಡ್ಡಿದಳು. ಹನ್ನೊಂದು ವರ್ಷ ಬ್ಯಾಡಗಿಯ ಈ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದು, ಗದಿಗೆವ್ವನ ಪಕ್ಕ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿದವಳು. ಖಾರ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ ಎಂದು ಮೊದಲ ದಿನ ಅವಳ ಉರಿಯುವ ಬೆರಳುಗಳಿಗೆ ಕೊಬ್ಬರಿ ಎಣ್ಣೆ ತಿಕ್ಕಿದವಳು ಇದೇ ಗದಿಗೆವ್ವ. ಈಗ ಅವಳ ಮಗ ಶಂಭುಲಿಂಗ ಓಣಿಯವರ ಮಾತು ಕೇಳಿ ಕೋಣೆ ಖಾಲಿ ಮಾಡಿಸುತ್ತಿದ್ದ. ಹೊಸ ಬೀಗ ಹಿಡಿದು ಅಂಗಳದಲ್ಲಿ ನಿಂತಿದ್ದ. ಮಿನತಿಯ ಗಂಡ ಟೆಂಪೊ ತರಲು ಹೋಗಿದ್ದ.

"ಸಿಟ್ಟಾಗಬ್ಯಾಡ್ರಿ ಅಕ್ಕಾ," ಎಂದ ಶಂಭುಲಿಂಗ. "ಬಾಂಗ್ಲಾದವ್ರಿಗೆ ಮನಿ ಕೊಟ್ಟಾನ ಅಂತಾರ. ನಾಳೆ ಪೊಲೀಸ್ರು ಬಂದ್ರ?"

"ಸಿಂಧನೂರ ನಿರಾಶ್ರಿತರ ಕ್ಯಾಂಪಿಗೆ ಬಂದಾಗ ನಾ ಮೂರು ವರ್ಷದ ಕೂಸು. ಸರಕಾರನ ಕರಕೊಂಡು ಬಂದು ಇಟ್ಟಿದ್ದು. ಕಾಗದ ತೋರಿಸಲಿಲ್ಲೇನು?"

"ತೋರಿಸೀರಿ. ಓಣ್ಯಾಗ ಎಷ್ಟು ಮಂದಿಗೆ ತೋರಿಸ್ಲಿ ನಾ?"

ಗದಿಗೆವ್ವ ತಲೆ ಎತ್ತದೆ ಬೊಗಸೆ ಬೊಗಸೆಯಾಗಿ ಅಕ್ಕಿ ಸುರಿದಳು. ನಾಲ್ಕು ಕಾಳು ಹೊಸ್ತಿಲ ಮೇಲೆ ಚೆಲ್ಲಿದವು. "ಇನ್ನ ಉಡ್ಯಾಗಿಂದ ಒಂದು ಹಿಡಿ ತಿರುಗಿ ಮೊರಕ್ಕ ಹಾಕು. ತವರಮನಿ ಬರಿದಾಗಬಾರದು."

"ಯಾರ ತವರಮನಿ?"

ಗದಿಗೆವ್ವ ಮೊರವನ್ನು ಅವಳ ಮುಂದೆ ಹಿಡಿದಳು.

"ಹೇಳ್ರಿ ಅವ್ವ. ನಿಮ್ಮ ಮೊಮ್ಮಗಳು ಐಶ್ವರ್ಯಾಗೂ ಉಡಿ ತುಂಬಿ ಕಳಿಸಿದ್ರಿ. ನಾನ ಮೊರ ಹಿಡಿದಿದ್ದೆ. ಪಂಚಮಿಗೆ ಬಂದ್ಲು, ದೀಪಾವಳಿಗೆ ಬಂದ್ಲು. ಆಕಿ ಹೋದಮ್ಯಾಗ ಕದಕ್ಕ ಕೀಲಿ ಜಡದ್ರೇನು?" ಮಿನತಿಯ ದನಿ ಏರಲಿಲ್ಲ. ಎರಡೂ ಕೈಯಿಂದ ಉಡಿ ಬಿಗಿಹಿಡಿದಾಗ, ಬಂಗಾಳಿ ಮುತ್ತೈದೆಯರು ತೊಡುವ ಶಂಖದ ಬಳೆಗಳು ಒಂದಕ್ಕೊಂದು ತಾಗಿದವು. "ತಿರುಗಿ ಬರೋ ಮಗಳಿಗೆ ಉಡಿ ತುಂಬ್ತಾರ. ನನ್ನ ಹೊರಗ ಹಾಕಾಕತ್ತೀರಿ, ಪಾಪ ಅಂಟಬಾರದಂತ ಅಕ್ಕಿ ಕೊಡ್ತೀರಿ."

"ಹಂಗ ಅನಬ್ಯಾಡವಾ."

ಮಿನತಿ ಒಂದು ಕಾಳೂ ಮೊರಕ್ಕೆ ಹಾಕಲಿಲ್ಲ. ಒಳಗೆ ಹೋಗಿ, ಕಟ್ಟಿಟ್ಟ ಗಂಟು ಬಿಚ್ಚಿ ಪಾತ್ರೆ ಹೊರತೆಗೆದಳು. ಖಣ, ಅಡಿಕೆ, ಕೊಬ್ಬರಿ ಆರಿಸಿ ನೆಲಕ್ಕಿಟ್ಟು, ಉಡಿಯ ಅಕ್ಕಿಯನ್ನೆಲ್ಲ ಪಾತ್ರೆಗೆ ಸುರಿದು ತೊಳೆದು ಒಲೆ ಹೊತ್ತಿಸಿದಳು.

ಹೊರಗೆ ಟೆಂಪೊ ಬಂದು ನಿಂತಿತು.

"ಅಕ್ಕಾ, ಗಾಡಿ ಬಂತು," ಎಂದ ಶಂಭುಲಿಂಗ.

"ನಿಂದರಲಿ. ನಿಂದ್ರದಿದ್ರ ಹೋಗಲಿ. ತವರಮನ್ಯಾಗ ಉಂಡ ಹೋಗಬೇಕಲ್ಲ?"

"ಅವ್ವ, ನೀನರ ಹೇಳು."

ಗದಿಗೆವ್ವ ಹೊಸ್ತಿಲ ಮೇಲೆ ಕುಳಿತು, ಚೆಲ್ಲಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದಳು. ಮೊರವನ್ನು ಒಳಕ್ಕೆ, ಒಲೆಯ ಕಡೆಗೆ ಸರಿಸಿದಳು. ಶಂಭುಲಿಂಗ ಬೀಗವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಗದಿಗೆವ್ವ ಹೊಸ್ತಿಲು ಬಿಟ್ಟು ಏಳಲಿಲ್ಲ.

ಒಳಗೆ ಎಸರು ಕುದಿಯತೊಡಗಿತು.