ಬೊಂಬೆ ಸಿಕ್ಕವನೇ ರಾಜ

ವಿಟ್‌ಕೊಂಬ್ ಮೇಷ್ಟ್ರು ಲ್ಯಾಟಿನ್ ಪಾಠಕ್ಕೆಂದೇ ಹುಟ್ಟಿದವರು, ಲೋಕವ್ಯವಹಾರಕ್ಕಲ್ಲ. ರೋಮಿನ ಹಬ್ಬ ಬಂತೆಂದರೆ ಬಿಳಿ ಹೊದಿಕೆ ಸುತ್ತಿಕೊಂಡು ಕ್ಲಾಸಿಗೆ ಬರುತ್ತಿದ್ದರು. ಸ್ಯಾನ್ ಆಂಟೋನಿಯೊದ ನಮ್ಮ ಹೈಸ್ಕೂಲಿನಲ್ಲಿ ಎದುರಿನ ಸ್ಪ್ಯಾನಿಷ್ ಕೋಣೆ ತುಂಬಿ ತುಳುಕುತ್ತಿದ್ದರೆ ಇವರ ಮುಂದೆ ಬೆರಳೆಣಿಕೆಯ ಮಕ್ಕಳು. ನಾನು ಎರಡಕ್ಕೂ ಹೋಗುತ್ತಿದ್ದೆ. ಸ್ಪ್ಯಾನಿಷ್ ಮನೆಯ ಮಾತು, ಪುಕ್ಕಟೆ ಅಂಕ; ಲ್ಯಾಟಿನ್ ಮಾತ್ರ ನನ್ನ ಪ್ರಾಣ. ಫೆಬ್ರವರಿ ಎರಡರಂದು, ಮುಂದಿನ ವರ್ಷದ ಪಾಠಗಳಿಗೆ ಹೆಸರು ಬರೆಸುವ ದಿನ, ಬೆಂಚು ತುಂಬದಿದ್ದರೆ ಲ್ಯಾಟಿನ್ ಮುಚ್ಚುವುದೆಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು. ನನಗೆ ತಡೆಯಲಾರದ ಸಂಕಟ.

ಡಿಸೆಂಬರಿನ ರೋಮನ್ ಹಬ್ಬಕ್ಕೆ ಕೇಕಿನೊಳಗೆ ಕಾಳೊಂದನ್ನು ಅಡಗಿಸಿಡುವುದು ಮೇಷ್ಟ್ರ ಪದ್ಧತಿ. ಸಿಕ್ಕವರು ಆ ದಿನದ ರಾಜ. ಪರೀಕ್ಷೆಯ ಗಲಾಟೆಯಲ್ಲಿ ಆ ಸಲ ಹಬ್ಬ ಜನವರಿಗೆ ಹೋಯಿತು.

"ಕೇಕ್ ನಾನ್ ತರ್ತೀನಿ ಸರ್. ಕಾಳಿನ ಬದ್ಲು ಬೊಂಬೆ ಇರುತ್ತೆ," ಎಂದೆ.

ನಮ್ಮ ಮೆಕ್ಸಿಕನ್ ಓಣಿಯ ಬೇಕರಿಯಿಂದ, ಜನವರಿಯ ಮೂರು ರಾಜರ ಹಬ್ಬಕ್ಕೆ ಒಳಗೆ ಪುಟ್ಟ ಬೊಂಬೆ ಇಟ್ಟು ಮಾಡುವ ಸಿಹಿ ಬ್ರೆಡ್ ತಂದೆ. ಬಾಕಿ ವಿಷಯಕ್ಕೆ ಬಾಯಿ ಬಿಡಲಿಲ್ಲ. ಸ್ಪ್ಯಾನಿಷ್ ಕ್ಲಾಸಿನವರನ್ನೂ ಕರೆದು, ಬೊಂಬೆಯ ಕಾಲು ಇಣುಕುತ್ತಿದ್ದ ತುಂಡನ್ನು ಮೇಷ್ಟ್ರ ತಟ್ಟೆಗೇ ಹಾಕಿದೆ.

ಅವರು ಬೊಂಬೆ ಎತ್ತಿ ಹಿಡಿದು ಕುರ್ಚಿ ಹತ್ತಿದರು. "ನೋಡ್ರಪ್ಪಾ, ನಾನೇ ರಾಜ."

ನಮ್ಮ ಮನೆಗಳಲ್ಲಿ ಬೊಂಬೆ ಸಿಕ್ಕವರು ಅದನ್ನು ನಾಲಿಗೆಯಡಿ ಬಚ್ಚಿಟ್ಟು ಮಿಕಿಮಿಕಿ ನೋಡುತ್ತಾರೆ. ಚಿಕ್ಕಪ್ಪ ಒಮ್ಮೆ ನುಂಗಿಯೇಬಿಟ್ಟಿದ್ದ. ಕುರ್ಚಿ ಹತ್ತಿ ಒಪ್ಪಿಕೊಂಡವರನ್ನು ಯಾರೂ ಕಂಡಿರಲಿಲ್ಲ. ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು.

"ಸರ್," ಎಂದರು ಸ್ಪ್ಯಾನಿಷ್ ಕಲಿಸುವ ಒರೋಸ್ಕೊ ಮೇಡಂ, ಕಣ್ಣೊರೆಸಿಕೊಳ್ಳುತ್ತ. "ಬೊಂಬೆ ಸಿಕ್ಕೋರು ಫೆಬ್ರವರಿ ಎರಡಕ್ಕೆ ಎಲ್ರಿಗೂ ತಮಾಲೆ ಮಾಡಿ ಹಾಕ್ಬೇಕು. ನಮ್ಮಲ್ಲಿ ಹಂಗೇ."

ಮೇಷ್ಟ್ರು ಮೆಲ್ಲಗೆ ಇಳಿದು ನನ್ನ ಕಡೆ ನೋಡಿದರು. "ಯಾದಿರಾ, ತಮಾಲೆ ಮಾಡೋದು ಹೆಂಗಮ್ಮ?"

ಫೆಬ್ರವರಿ ಎರಡರ ಹಿಂದಿನ ದಿನ ಅವರು ನಮ್ಮ ಅಡುಗೆಮನೆಯಲ್ಲಿ, ತಮಾಲೆಯ ಕಡುಬು ಸುತ್ತಿ ಬೇಯಿಸಲು ಮೆಕ್ಕೆಜೋಳದ ಸಿಪ್ಪೆಗೆ ಹಿಟ್ಟು ಸವರುತ್ತ ನಿಂತಿದ್ದರು. ಅಜ್ಜಿ ಸ್ಪ್ಯಾನಿಷಿನಲ್ಲಿ ಬೈಯುತ್ತಿದ್ದಳು.

"ಗೋಡೆಗೆ ಗಾರೆ ಮೆತ್ತಿದಂಗೆ ಮೆತ್ತುತ್ತಾನಲ್ಲೇ. ಇವನಿಗೆ ಅಮ್ಮ ಇರ್ಲಿಲ್ವಾ?"

"ಏನಂತಮ್ಮ?" ಎಂದರು ಮೇಷ್ಟ್ರು.

"ನಿಮ್ಮ ಕೈ ಚೆನ್ನಾಗಿ ಕೂತಿದೆಯಂತೆ ಸರ್."

ಮರುದಿನ ಸ್ಪ್ಯಾನಿಷ್ ಕ್ಲಾಸಿಗೆ ಕ್ಲಾಸೇ ಲ್ಯಾಟಿನ್ ಕೋಣೆಗೆ ನುಗ್ಗಿತು. ತಮಾಲೆಯ ಪಾತ್ರೆ ಇಟ್ಟುಕೊಂಡು, ಇಕ್ಕಳ ಹಿಡಿದು ಅಜ್ಜಿ ಬಾಗಿಲಲ್ಲೇ ಕೂತಿದ್ದಳು. ಎರಡನೆಯದಕ್ಕೆ ಕೈ ಚಾಚಿದವರಿಗೆಲ್ಲ ಅವಳದು ಒಂದೇ ಪ್ರಶ್ನೆ, ನಾನು ಹೇಳಿಕೊಟ್ಟದ್ದು: "ಮುಂದಿನ ವರ್ಷ ಈ ಮೇಷ್ಟ್ರ ಪಾಠಕ್ಕೆ ಬರ್ತೀಯೋ, ಇಲ್ವೋ?"

ನನ್ನ ಗೆಳೆಯ ಚುಯ್ ತಲೆ ಕೆರೆದುಕೊಂಡ. "ಅಜ್ಜಿ, ನಂಗೆ ಸ್ಪ್ಯಾನಿಷೇ ನೆಟ್ಟಗೆ ಬರಲ್ಲ."

"ಹಂಗಾದ್ರೆ ಅದರಜ್ಜಿ ಹತ್ರ ಹೋಗಿ ಕಲಿಯೋ, ದಂಡಪಿಂಡ. ಲ್ಯಾಟಿನ್ನು ಅದರಜ್ಜಿಯಂತೆ."

ಇಕ್ಕಳ ಹಿಡಿದ ಮುದುಕಿಗೆ ನಮ್ಮ ಕಡೆ ಯಾರೂ ಇಲ್ಲವೆನ್ನುವುದಿಲ್ಲ. ಸಂಜೆಯೊಳಗೆ ಲ್ಯಾಟಿನ್ನಿಗೆ ಬಿದ್ದ ಹೆಸರು ನೋಡಿ ಪ್ರಿನ್ಸಿಪಾಲರು ಇನ್ನಷ್ಟು ಬೆಂಚು ತರಿಸಲು ಹೇಳಿದರು.

ಕೊನೆಯ ತಮಾಲೆಯನ್ನು ಮೇಷ್ಟ್ರೇ ತಂದು ನನ್ನ ಕೈಗಿತ್ತರು. ಕಚ್ಚಿದರೆ ಹಲ್ಲಿಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಅದೇ ಬೊಂಬೆ. ಮನೆಯ ಅಭ್ಯಾಸ, ನಾಲಿಗೆಯಡಿ ತಳ್ಳಿ ಮಿಕಿಮಿಕಿ ನೋಡಿದೆ.

"ಬಾಯಿ ತೆಗಿಯಮ್ಮ," ಎಂದರು. "ಮುಂದಿನ ವರ್ಷ ಇದೇ ಕೋಣೆ, ನಿಂದೇ ತಮಾಲೆ."

ಮುಂದಿನ ವರ್ಷ ಎಂಬ ಮಾತಿಗೆ ನನ್ನ ಕಣ್ಣು ತುಂಬಿತು. ಬೊಂಬೆಯನ್ನು ಅಂಗೈಗೆ ಉಗುಳಿ, ಕುರ್ಚಿ ಹತ್ತಿದೆ.