ಕಾಶಿನಾಥನ ಬಲಗೈ

ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುವುದು ಕಾಶಿನಾಥನ ರೂಢಿ. ಬೋಲ್ಟು ಬಿಚ್ಚುವ ಪಾನಾ ಸಿಕ್ಕರೆ ಪಾನಾ, ರಬ್ಬರ್ ಪೈಪು ಸಿಕ್ಕರೆ ಪೈಪು, ಏನೂ ಸಿಗದಿದ್ದರೆ ಬರಿಗೈ. ಹೊಡೆತ ತಿನ್ನುವವನು ಯಾವಾಗಲೂ ಒಬ್ಬನೇ, ಅವನ ತಮ್ಮ ಗುರುಪಾದ. ಗುರುಪಾದನಿಗೆ ಮೂವತ್ತು ದಾಟಿ ಮುಂದಲೆ ಬೋಳಾಗತೊಡಗಿತ್ತು. ಆದರೂ ಭಾಂಡುಪ್‌ನ ಆ ಗ್ಯಾರೇಜಿನಲ್ಲಿ ಎಲ್ಲರ ಬಾಯಲ್ಲಿ ಅವನು ಗುರ್ಯಾ.

ಮುಚ್ಚಿಹೋದ ಕಾರ್ಖಾನೆಯೊಂದರ ಶೆಡ್ಡಿನಲ್ಲಿದ್ದ ಆ ಗ್ಯಾರೇಜು ಕಾರ್ಕಳ ಕಡೆಯ ಸದಾನಂದನದು. ಅಕ್ಕಿ, ತರಕಾರಿ ತರುವ ಮನೆಬಳಕೆಯ ಕಾರುಗಳು ಅಲ್ಲಿಗೆ ಬರುತ್ತಿರಲಿಲ್ಲ. ಇಂಜಿನ್ನಿನ ಶಕ್ತಿ ಏರಿಸಿಕೊಂಡು, ಆ ಶಕ್ತಿ ತಾಳಲಾರದೆ ಕ್ಲಚ್ಚು ಸುಟ್ಟುಕೊಂಡ, ಗೇರಿನ ಹಲ್ಲು ಉದುರಿಸಿಕೊಂಡ ಗಾಡಿಗಳೇ ಬರುತ್ತಿದ್ದವು. ಅಂಥವುಗಳ ಗೇರ್‌ಬಾಕ್ಸ್ ಇಳಿಸಿ ಗಟ್ಟಿಮುಟ್ಟಾದದ್ದನ್ನು ಕೂರಿಸುವುದರಲ್ಲಿ ಔರಾದ್ ಕಡೆಯ ಕಾಶಿನಾಥನಿಗೆ ಸಾಟಿ ಇರಲಿಲ್ಲ. ಸದಾನಂದ ಅವನನ್ನು ಉಸ್ತಾದ್ ಎಂದೇ ಕರೆಯುತ್ತಿದ್ದ. ಗುರುಪಾದನ ಪಾಲಿಗೆ ಬೋಲ್ಟು ಬಿಚ್ಚುವುದು, ಆಯಿಲ್ ಇಳಿಸುವುದು, ಜಾಕ್ ತಳ್ಳುವುದು. ಗೇರ್‌ಬಾಕ್ಸ್ ತೆರೆಯುವಾಗ ಅಣ್ಣ ಬೆನ್ನು ಅಡ್ಡ ಕೊಟ್ಟು ಕೂರುತ್ತಿದ್ದ. ಕಲಿತವನು ನಾಳೆ ತನ್ನ ಜಾಗಕ್ಕೇ ಬಂದಾನೆಂಬ ಭಯ. ಗುರುಪಾದ ಆ ಹೆಗಲ ಮೇಲಿಂದ, ಕಂಕುಳ ಸಂದಿಯಿಂದ ಕದ್ದು ನೋಡಿಯೇ ಎಲ್ಲವನ್ನೂ ಕಲಿತಿದ್ದ. ಸಂಜೆ ಇಬ್ಬರೂ ಒಂದೇ ಖೋಲಿಗೆ ಮರಳುತ್ತಿದ್ದರು. ಅತ್ತಿಗೆ ಶಿವಕುಮಾರಿ ಬಡಿಸಿದ ರೊಟ್ಟಿಯನ್ನು ಎದುರುಬದುರು ಕೂತು ತಿನ್ನುತ್ತಿದ್ದರು.

ಆ ವಾರ ಸಾಂತಾಕ್ರೂಜ್‌ನ ಸ್ನೇಹಲ್ ಎಂಬ ಹುಡುಗಿಯ ಕಾರು ಲಿಫ್ಟಿನ ಮೇಲಿತ್ತು. ರೇಸಿನ ಹುಚ್ಚಿನವಳು. ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತೆಗೆಸಿ, ಕೈಯಿಂದ ಗೇರು ಹಾಕುವಂಥದ್ದನ್ನೂ ಎರಡು ಪ್ಲೇಟಿನ ಕ್ಲಚ್ಚನ್ನೂ ಹಾಕಿಸುತ್ತಿದ್ದಳು. ಕೆಲಸ ನೋಡಲು ಬಂದವಳು ಹತ್ತಿರದಲ್ಲಿದ್ದ ಗುರುಪಾದನನ್ನೇ ಕೇಳಿದಳು.

"ಭಯ್ಯಾ, ಕ್ಲಚ್ ಬಹುತ್ ಹಾರ್ಡ್ ಹೋಗಾ ಕ್ಯಾ?"

"ಟ್ರಾಫಿಕ್ ಮೇ ಪಾವ್ ದುಖೇಗಾ, ಮೇಡಂ," ಎಂದ ಗುರುಪಾದ.

ಕಾಲು ನೋಯುವುದು ನಿಜವೇ. ಆದರೆ ಕ್ಲಚ್ಚು ಬೆಣ್ಣೆಯ ಹಾಗಿರುತ್ತದೆ ಎಂದು ಕಾಶಿನಾಥ ಅವಳಿಗೆ ಆಗಲೇ ಹೇಳಿಬಿಟ್ಟಿದ್ದ. ಕಾರಿನ ಕೆಳಗಿಂದ ಹೊರಬಂದವನೇ ತಮ್ಮನ ಕೆನ್ನೆಗೆ ಬಾರಿಸಿದ. ಗ್ರೀಸಿನ ಐದು ಬೆರಳು ಮೂಡಿದವು.

"ನನ್ನ ಗಿರಾಕಿ ಮುಂದ ನೀ ಮಾತಾಡ್ತಿಯೇನಲೇ? ನಾ ಕೇಳೂತನಕ ಬಾಯಿ ಬಿಡಬ್ಯಾಡ. ತಿಳೀತಿಲ್ಲೋ?"

ಸ್ನೇಹಲ್ ಬೆಚ್ಚಿ ಹಿಂದೆ ಸರಿದಳು. ಆಮೇಲೆ ಮೊಬೈಲು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಗಾಬರಿಗೆ ಬಂದ ನಗುವೋ, ನಿಜವಾದ ನಗುವೋ. ಗುರುಪಾದನಿಗೆ ಹೊಡೆತಕ್ಕಿಂತ ಆ ನಗುವೇ ಹೆಚ್ಚು ಚುರುಕ್ಕೆನ್ನಿಸಿತು.

ಊಟವಾದ ಮೇಲೆ ಹೊಸ ಗೇರ್‌ಬಾಕ್ಸನ್ನು ಎತ್ತರದ ಜಾಕಿನ ಮೇಲಿಟ್ಟು ಬೆಲ್ಟು ಬಿಗಿದು ಏರಿಸತೊಡಗಿದರು. ಅದರ ಮೂತಿಯ ಶಾಫ್ಟು ಕ್ಲಚ್ ಪ್ಲೇಟಿನ ನಡುವಿನ ತೂತಿಗೆ ನೆಟ್ಟಗೆ ಹೋಗಬೇಕು, ಕೂದಲೆಳೆ ವಾರೆಯಾದರೂ ಒಳಗೆ ಇಳಿಯದು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಉಳಿದ ಸಂದಿಯಲ್ಲಿ, ಕೆಳಂಚಿಗೆ, ಕಾಶಿನಾಥ ಬಲಗೈ ಬೆರಳಿಟ್ಟು ಅಂದಾಜು ನೋಡುತ್ತಿದ್ದ. ಗುರುಪಾದ ಜಾಕಿನ ಹಿಡಿ ಒತ್ತುತ್ತಿದ್ದ.

ಬೆಲ್ಟಿನ ಕೊಂಡಿ ಗುರುಪಾದನ ಕಡೆಗಿತ್ತು. ಅದು ಜಾರುತ್ತಿರುವುದು ಅವನಿಗೆ ಕಂಡಿತು. ಪಟ್ಟಿ ಹಲ್ಲಿನಿಂದ ಹಲ್ಲಿಗೆ ಸರಿಯುತ್ತಿತ್ತು. "ಅಣ್ಣಾ" ಎಂಬ ಮಾತು ಗಂಟಲವರೆಗೂ ಬಂತು. ಕೆನ್ನೆ ಇನ್ನೂ ಉರಿಯುತ್ತಿತ್ತು. ಅವನು ತುಟಿ ಬಿಗಿದು ಹಿಡಿಯನ್ನು ಮತ್ತೊಮ್ಮೆ ಒತ್ತಿದ.

ಗೇರ್‌ಬಾಕ್ಸಿನ ಬಾಲ ಒಮ್ಮೆಲೇ ಕೆಳಗೆ ಬಿತ್ತು, ಮೂತಿ ಇಂಜಿನ್ನಿಗೆ ಕಚ್ಚಿಕೊಂಡಿತು. ಕಾಶಿನಾಥನ ಕೂಗಿಗೆ ಹೊರಗಿನ ನಾಯಿಗಳೂ ಬೊಗಳಿದವು.

ಸದಾನಂದ ಓಡಿ ಬಂದ. ಅವನ ಕಣ್ಣು ಮೊದಲು ಹೋದದ್ದು ಲೋಹದ ಮೇಲೆ. "ಕೇಸಿಂಗ್ ಒಡೆಯಲಿಲ್ಲ ಅಲ್ಲ ಮಾರಾಯ?" ಅಂದ. ಆಮೇಲೆ ಕೈ ನೋಡಿ, "ಅಯ್ಯೋ ದೇವರೇ," ಎಂದ.

ಜಜ್ಜಿದ ಕೈಯನ್ನು ಬನಿಯನ್ನಿನಲ್ಲಿ ಸುತ್ತಿ, ವೆಲ್ಡಿಂಗ್ ಕೆಲಸದ ಮೋನಪ್ಪ ಕಾಶಿನಾಥನನ್ನು ರಿಕ್ಷಾ ಹತ್ತಿಸಿದ. ಹಿಂದೆಯೇ ಹೊರಟ ಗುರುಪಾದನ ಭುಜವನ್ನು ಸದಾನಂದ ಹಿಡಿದ.

"ನೀನೂ ಹೋದರೆ ಹೇಗೆ? ಭಾನುವಾರ ಅವಳಿಗೆ ಗಾಡಿ ಬೇಕು. ಬೇರೆ ಕಡೆಯಿಂದ ಜನ ಕರೆಸ್ಲಾ?"

"ಬ್ಯಾಡ್ರಿ, ನಾ ಮುಗಸ್ತೀನಿ," ಎಂದ ಗುರುಪಾದ.

ಕೂಡುವ ಅಂಚಿನಲ್ಲಿ ಕೊಳೆಯಿದ್ದರೆ ಗೇರ್‌ಬಾಕ್ಸು ಇಂಜಿನ್ನಿಗೆ ಒತ್ತಿ ಕೂರುವುದಿಲ್ಲ. ಗುರುಪಾದ ಬಟ್ಟೆಗೆ ಪೆಟ್ರೋಲು ಹಚ್ಚಿ ಅಣ್ಣನ ರಕ್ತವನ್ನು ಅಂಚಿನಿಂದ ಒರೆಸಿದ. ಸಂದಿಗೊಂದಿಯಲ್ಲಿ ಉಳಿದದ್ದನ್ನು ಬ್ರಷ್ಷಿನಿಂದ ಉಜ್ಜಿದ. ಟೂಲ್ ಬಾಕ್ಸಿನ ಮೇಲೆ ಅವನ ಮೊಬೈಲು ಹೊಡೆದುಕೊಳ್ಳುತ್ತಲೇ ಇತ್ತು, ಶಿವಕುಮಾರಿಯ ಹೆಸರು ಮೂಡಿ ಮೂಡಿ ಆರುತ್ತಿತ್ತು. ಅವನು ಎತ್ತಲಿಲ್ಲ. ಬೇರೆ ಬೆಲ್ಟು ಕಟ್ಟಿ, ಕುತ್ತಿಗೆ ಬಗ್ಗಿಸಿ ನೋಡಿ, ಮೆಲ್ಲನೆ ತಳ್ಳಿದ. ಶಾಫ್ಟು ತನ್ನ ಮನೆಗೆ ತಾನೇ ಬಂದ ಹಾಗೆ ಒಳಗೆ ಹೋಯಿತು.

ಮರುದಿನ ಅವನೇ ಗಾಡಿಯನ್ನು ಮುಲುಂಡ್ ಕಡೆಯ ರಸ್ತೆಗೆ ಇಳಿಸಿದ. ಮೂರನೇ ಗೇರು ಬಿದ್ದಾಗ ಬೆನ್ನು ಸೀಟಿಗೆ ಒತ್ತಿಕೊಂಡಿತು. ಗುರುಪಾದ ಗಾಜು ಏರಿಸಿಕೊಂಡು, ಒಳಗೆ ಒಬ್ಬನೇ, ಗಂಟಲು ಹರಿಯುವ ಹಾಗೆ ಕೇಕೆ ಹಾಕಿದ. ಆಸ್ಪತ್ರೆಯಲ್ಲಿ ಅಣ್ಣನ ಮೂರು ಬೆರಳು ತೆಗೆದ ಸುದ್ದಿ ಅವನಿಗೆ ಅದಾಗಲೇ ಗೊತ್ತಿತ್ತು.

ಸದಾನಂದನ ಬಾಯಲ್ಲಿ ಉಸ್ತಾದ್ ಎಂಬ ಹೆಸರು ಅಣ್ಣನಿಂದ ತಮ್ಮನಿಗೆ ಹೋಗಲು ತಡವಾಗಲಿಲ್ಲ. ಗಾಯ ಮಾಯ್ದ ಮೇಲೆ ಕಾಶಿನಾಥ ಮರಳಿ ಬಂದ. ಗುರುಪಾದ ಅವನ ಮುಂದೆ ಡೀಸೆಲ್ಲಿನ ಬೋಗುಣಿಯನ್ನಿಟ್ಟು ಬೇರಿಂಗು, ಗೇರು ತೊಳೆಯಲು ಹಚ್ಚಿದ. ಒಂದೂವರೆ ಕೈಯಲ್ಲಿ ಅವು ಜಾರಿ ಜಾರಿ ಬೀಳುತ್ತಿದ್ದವು. ಪ್ರತಿ ಸಲ ಬಿದ್ದಾಗಲೂ ಗುರುಪಾದ ಎಲ್ಲರಿಗೂ ಕೇಳುವ ಹಾಗೆ ಬೈಯುತ್ತಿದ್ದ. ಬೈಗುಳವೂ ಅಣ್ಣನದೇ, ರಾಗವೂ ಅಣ್ಣನದೇ. ಅದು ತನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಹೊರಳುವುದನ್ನು ಕೇಳಿ ಅವನಿಗೇ ಸೋಜಿಗವಾಗುತ್ತಿತ್ತು.

ಒಂದು ದಿನ ಗಿರಾಕಿಗಳು ನಿಂತಿದ್ದಾಗಲೇ, "ಇದಕ್ಕ ತೊಳಿಯೂದು ಅಂತಾರೇನು?" ಎಂದು ಬೋಗುಣಿಯನ್ನು ಒದ್ದ. ಡೀಸೆಲ್ಲು ಕಾಶಿನಾಥನ ಮುಖಕ್ಕೆ, ಇನ್ನೂ ಕೆಂಪಗಿದ್ದ ಮೋಟು ಬೆರಳುಗಳಿಗೆ ಸಿಡಿಯಿತು. ಮೋನಪ್ಪ ವೆಲ್ಡಿಂಗ್ ನಿಲ್ಲಿಸಿ ಇತ್ತ ನೋಡಿದ. ಕಾಶಿನಾಥ ತೋಳಿನಿಂದ ಕಣ್ಣೊರೆಸಿಕೊಂಡು, ನೆಲದ ಮೇಲೆ ಉರುಳಿದ ಬೇರಿಂಗುಗಳನ್ನು ಎಡಗೈಯಿಂದ ಹೆಕ್ಕತೊಡಗಿದ.

ಆ ಸಂಜೆ ಖೋಲಿಯಲ್ಲಿ ಶಿವಕುಮಾರಿ ಗಂಡನಿಗೆ ರೊಟ್ಟಿ ಮುರಿದು ತುತ್ತು ಮಾಡಿ ಇಡುತ್ತಿದ್ದಳು. ಕಾಶಿನಾಥ ತಾಟಿನಿಂದ ತಲೆಯೆತ್ತದೆ ಕೇಳಿದ.

"ಬೆಲ್ಟಿನ ಕೊಂಡಿ ನಿನ್ನ ಕಡೆ ಇತ್ತಲ್ಲ, ಗುರ್ಯಾ. ಜಾರೂದು ನಿನಗ ಕಂಡಿತ್ತೇನು?"

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಾಶಿನಾಥನಿಗೂ ಬೇಕಾಗಿದ್ದುದು ಅದೇ ಮಾತೇನೋ.

"ಕಂಡಿತ್ತು," ಎಂದ ಗುರುಪಾದ. "ಬಾಯಿ ಬಿಡಬ್ಯಾಡ ಅಂದಿದ್ದಿ. ಬಿಡಲಿಲ್ಲ."

ಶಿವಕುಮಾರಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವಳು ಮೈದುನನ ಮುಂದಿದ್ದ ತಾಟನ್ನು ಎಳೆದುಕೊಂಡು, ಅದರಲ್ಲಿದ್ದ ರೊಟ್ಟಿ ಪಲ್ಯವನ್ನು ಮೋರಿಯ ಬಾಯಿಗೆ ಸುರುವಿದಳು.

ಬೆಳಿಗ್ಗೆ ಗಂಡಹೆಂಡತಿ ಗಂಟುಮೂಟೆ ಕಟ್ಟಿಕೊಂಡು ದಹಿಸರ್‌ಗೆ ಹೊರಟರು. ಶಿವಕುಮಾರಿಯ ಅಕ್ಕ ಚಂದ್ರವ್ವ ಅಲ್ಲಿ ಸ್ಟೇಷನ್ ಹತ್ತಿರ ತರಕಾರಿ ಮಾರುತ್ತಿದ್ದಳು. ಗುರುಪಾದ ಬಾಗಿಲಲ್ಲಿ ಅತ್ತಿಗೆಗೆ ಅಡ್ಡ ನಿಂತು, "ವೈನಿ, ಎಲ್ಲಿಗಿ ಹೊಂಟೀರಿ? ಖೋಲಿ ನಿಮ್ಮದ," ಎಂದ. ಅವಳು ಅವನನ್ನು ಬಳಸಿಕೊಂಡು ದಾಟಿಹೋದಳು. ದಾರಿಯಲ್ಲಿ ಕಂಬ ಅಡ್ಡ ಬಂದರೆ ಬಳಸುತ್ತಾರಲ್ಲ, ಹಾಗೆ.

ಮೊದಮೊದಲು ಅವನಿಗೆ ಹಗುರವೆನಿಸಿತು. ಖೋಲಿಯ ತುಂಬ ಕಾಲು ಚಾಚಿ ಮಲಗಿದ. ಮಳೆಗಾಲ ಬರುವ ಹೊತ್ತಿಗೆ ಹೋಟೆಲಿನ ಅನ್ನ ಗಂಟಲಲ್ಲಿ ಇಳಿಯದಾಯಿತು. ರಜೆಯ ದಿನ ದಹಿಸರ್‌ಗೆ ಹೋದ.

ಸ್ಟೇಷನ್ನಿನ ಪಕ್ಕದ ಓಣಿಯಲ್ಲಿ, ನೀಲಿ ತಾಡಪಾಲಿನಡಿ ಕಾಶಿನಾಥ ಕೂತಿದ್ದ. ಮೆಣಸಿನಕಾಯಿ ರಾಶಿಯಿಂದ ಕೊಳೆತದ್ದನ್ನು ಎಡಗೈಯಲ್ಲಿ ಆರಿಸಿ ಎಸೆಯುತ್ತಿದ್ದ. ಬಲಗೈಗೆ ಕಾಲುಚೀಲ ಹಾಕಿಕೊಂಡಿದ್ದ. ಗುರುಪಾದ ಎದುರು ಬಂದು ನಿಂತು, "ಅಣ್ಣಾ," ಎಂದ.

ಕಾಶಿನಾಥ ತಲೆಯೆತ್ತಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ. ಗಿರಾಕಿಯನ್ನು ಕೇಳುವ ಹಾಗೆ ಹಿಂದಿಯಲ್ಲಿ ಕೇಳಿದ.

"ಬೋಲೋ ಭಾಯ್, ಕ್ಯಾ ದೂಂ?"

"ಅಣ್ಣಾ, ನಾನು."

"ಮಿರ್ಚಿ ತಾಜಾ ಹೈ. ಪಾವ್ ಕಿಲೋ ದೂಂ?"

ಉತ್ತರಕ್ಕೆ ಕಾಯದೆ ತೂಗಿದ. ಪೊಟ್ಟಣ ಕಟ್ಟಿ ಮುಂದೆ ಹಿಡಿದ. ಗುರುಪಾದ ನೋಟು ಕೊಟ್ಟ. ಕಾಶಿನಾಥ ಚಿಲ್ಲರೆಯನ್ನು ಸರಿಯಾಗಿ ಎಣಿಸಿ, ಕೈ ತಾಗದ ಹಾಗೆ ಮೇಲಿಂದ ಅವನ ಅಂಗೈಗೆ ಬಿಟ್ಟ.

"ಥೋಡಾ ಬಾಜೂ ಹಟೋ, ಭಾಯ್," ಎಂದು ಪಕ್ಕಕ್ಕೆ ಸರಿಯಲು ಕೈ ಮಾಡಿದ. ಗುರುಪಾದನ ಹಿಂದೆ ಒಬ್ಬ ಹೆಂಗಸು ಕೊತ್ತಂಬರಿ ಕೇಳುತ್ತ ನಿಂತಿದ್ದಳು.