ಗಂಧ ಮುಟ್ಟದವರು

ಜಯಣ್ಣನ ಬೆರಳು ಹೆಣದ ಹಣೆಯ ಹತ್ತಿರ ಬಂದಾಗ ಉಮಾವತಿ ಅವರ ಕೈಯನ್ನು ತಡೆದು ಹಿಡಿದರು.

“ಬೇಡ ಭಾವ. ಇವರು ಇರುವಾಗ ಗಂಧ ಮುಟ್ಟಿದವರಲ್ಲ.”

“ಇದು ನಮ್ಮ ದೈವದ ಗಂಧ ಉಮಾ. ಇದಿಲ್ಲದೆ ಕಳಿಸಿದ್ರೆ ಅಲ್ಲಿ ಇವನನ್ನು ಕೇಳುವವರು ಯಾರುಂಟು? ದೈವಕ್ಕೆ ಎದುರು ಮಾತಾಡಿದವ ಮಾರಾಯ್ತಿ ಇವ!”

ಜಯಣ್ಣ ತೀರಿಹೋದ ನಿತ್ಯಾನಂದರ ಅಣ್ಣ. ದೈವಕ್ಕೆ ಬಾರದ ಕೋಪವೂ ದೈವದ ಪರವಾಗಿ ಅವರಿಗೆ ಬರುತ್ತಿತ್ತು. ಆದರೆ ಈಗ ಕಣ್ಣಲ್ಲಿದ್ದದ್ದು ಕೋಪವಲ್ಲ, ತಮ್ಮನ ಮೇಲಿನ ಕಕ್ಕುಲಾತಿ. ಅದನ್ನು ಕಂಡು ಉಮಾವತಿಯ ಹಿಡಿತ ಸಡಿಲವಾಯಿತು. ಗಂಧ ಹಚ್ಚಿದರೆ ಗಂಡನಿಗೆ ಮೋಸ ಮಾಡಿದ ಹಾಗೆ. ಹಚ್ಚದಿದ್ದರೆ, ಅವರು ಎಲ್ಲಿಯೂ ಸಲ್ಲದೆ ಹೋದರೆ? ಶಕ್ತಿನಗರದ ಆ ಸಣ್ಣ ಅಂಗಳದಲ್ಲಿ ಚಟ್ಟ ಕಟ್ಟಿ ಆಗಿತ್ತು.

*

ಮಗಳು ಚೈತಾಲಿ ಜ್ವರದಲ್ಲಿ ತೀರಿಕೊಂಡಾಗ ಇನ್ನೂ ಶಾಲೆಗೆ ಹೋಗುವ ಹುಡುಗಿ. ಅತ್ತಾವರದ ಆಸ್ಪತ್ರೆಯ ಎದುರು ಹೋಟೆಲಿಟ್ಟು ರೋಗಿಗಳ ಕಡೆಯವರಿಗೆಲ್ಲ ಗಂಜಿ, ಚಹಾ ಕೊಡುತ್ತಿದ್ದ ನಿತ್ಯಾನಂದರು ಅದೇ ಬೀದಿಯಿಂದ ತಮ್ಮ ಮಗುವನ್ನು ಹೊತ್ತು ತಂದರು. ಆ ವರ್ಷ ಉಳ್ಳಾಲದಾಚೆಯ ಕುಟುಂಬದ ಮನೆಯಲ್ಲಿ ದೈವ ಮೈಮೇಲೆ ಬರುವ ವರ್ಷದ ನೇಮ ನಡೆದಾಗ, ದೈವ ಗಂಧ ನೀಡಿದರೂ ಅವರು ಕೈಯೊಡ್ಡಲಿಲ್ಲ.

“ನನ್ನ ಮಗು ಕೂಗುವಾಗ ನೀವು ಎಲ್ಲಿದ್ರಿ? ನೀವು ಇರುವುದು ಹೌದಾ?”

ವಾದ್ಯ ನಿಂತಿತು. ಜಯಣ್ಣ ತಮ್ಮನ ಅಂಗಿ ಹಿಡಿದೆಳೆದರು. ದೈವ ಕತ್ತಿ ಎತ್ತುತ್ತದೆಂದು ಹೆದರಿ ಉಮಾವತಿ ಕಣ್ಣು ಮುಚ್ಚಿಕೊಂಡರು.

“ಬಿಡು ಅವನನ್ನು,” ಎಂದಿತು ದೈವ. “ಕೇಳುವ ಹಕ್ಕು ಅವನಿಗುಂಟು. ಮಗನೇ, ಬರುವ ವರ್ಷವೂ ಬಂದು ಕೇಳು. ನೀನು ಬಾರದಿದ್ದರೆ ನನಗೆ ತಡೆಯಲಿಕ್ಕಾಗದು.”

ನಂಬುವವರು ಮದುವೆ, ಪರೀಕ್ಷೆ ಎಂದು ತಪ್ಪಿಸಿಕೊಳ್ಳುತ್ತಿದ್ದರು. ನಂಬದ ನಿತ್ಯಾನಂದರು ಒಂದು ನೇಮವನ್ನೂ ಬಿಡಲಿಲ್ಲ. ಪ್ರತಿ ಸಲವೂ ಅದೇ ಪ್ರಶ್ನೆ. ದೈವ ಅವರ ಎರಡೂ ಕೈ ಹಿಡಿದುಕೊಂಡು ಕೇಳಿಸಿಕೊಳ್ಳುತ್ತಿತ್ತು, ಅಷ್ಟೆ.

*

ಚೆನ್ನಪ್ಪ ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದ. ನೇಮದಲ್ಲಿ ಆ ದೈವದ ವೇಷ ಕಟ್ಟುವವನು ಅವನೇ. ಮುಖದ ಬಣ್ಣ, ಕಾಲಿನ ಗಗ್ಗರ ಇಲ್ಲದೆ ಬರೀ ಅಂಗಿ ಲುಂಗಿಯಲ್ಲಿ ಬಂದದ್ದರಿಂದ ಅರ್ಧ ಜನಕ್ಕೆ ಗುರುತೂ ಸಿಗಲಿಲ್ಲ.

ಉಮಾವತಿಗೆ ಬೇರೆ ಯಾರನ್ನು ಕೇಳಬೇಕೆಂದು ತೋಚಲಿಲ್ಲ. “ಚೆನ್ನಪ್ಪ, ದೈವಕ್ಕೆ ಇವರ ಮೇಲೆ ಕೋಪ ಉಂಟಾ? ನಿಜ ಹೇಳು.”

“ದೈವ ಮೈಮೇಲೆ ಇರುವಾಗ ನಡೆದದ್ದು ನಂಗೆ ಎಂತದೂ ನೆನಪಿರುವುದಿಲ್ಲ ಅಕ್ಕ.” ಅವನು ಸ್ವಲ್ಪ ಅಳುಕಿದ. “ಆದ್ರೆ ಒಂದುಂಟು. ನೇಮ ಮುಗಿದ ಮೇಲೆ ಎಣ್ಣೆ ಹಚ್ಚಿ ಮುಖದ ಬಣ್ಣ ತೆಗೀತೇನಲ್ಲ? ನಿಮ್ಮ ನೇಮದಲ್ಲಿ ಮಾತ್ರ, ಪ್ರತಿ ವರ್ಷ,” ಅವನು ಕಣ್ಣಿನ ಕೆಳಗೆ ಬೆರಳಿಟ್ಟ, “ಇಲ್ಲಿ ತೆಗೆಯಲಿಕ್ಕೆ ಬಣ್ಣವೇ ಇರುವುದಿಲ್ಲ.”

“ಬೆವರಿಗೆ ಹೋಗಿರಬಹುದು,” ಎಂದರು ಜಯಣ್ಣ. ಸ್ವರದಲ್ಲಿ ಜೋರಿರಲಿಲ್ಲ.

“ಬೆವರಾದ್ರೆ ಹಣೆಯದ್ದೂ ಹೋಗಬೇಕಲ್ಲ ಜಯಣ್ಣ?”

ಬೆಳಗಿನಿಂದ ಬಾರದ ಅಳು ಉಮಾವತಿಗೆ ಒಮ್ಮೆಲೇ ಬಂತು. ಜಯಣ್ಣ ಗಂಧದ ಎಲೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ತಮ್ಮನ ಚಟ್ಟಕ್ಕೆ ಹೆಗಲು ಕೊಟ್ಟರು. ಚೆನ್ನಪ್ಪ ನಿಂತಲ್ಲೇ ನಿಂತಿದ್ದ. ಅವನ ಎರಡು ಬೆರಳು ಕಣ್ಣಿನ ಕೆಳಗಿನಿಂದ ಗಲ್ಲದವರೆಗೆ ಮೆಲ್ಲಗೆ ಇಳಿದು, ಬಣ್ಣ ಹೋಗುತ್ತಿದ್ದ ಜಾಗವನ್ನು ಇನ್ನೂ ತೋರಿಸುತ್ತಿದ್ದವು.